ರಾಜಮಹೇಂದ್ರಿಯಲ್ಲಿ ಎರಡು ದಿನ

ಆಂಧ್ರದ ಕರಾವಳಿಗೆ ಬಂದು ನೆಲಸಿರುವ ನಮ್ಮಂಥ ಕನ್ನಡ ಸಂಸಾರಗಳಿಗೆ ರಜ ಎಂದರೆ ಊರು, ಊರು ಎಂದರೆ ರೈಲು. ಬೇಸಗೆಯ ರಜವಾಗಲಿ ದಸರೆಯ ರಜವಾಗಲಿ, ಪೆಟ್ಟಿಗೆ ಚೀಲಗಳನ್ನು ಕಟ್ಟಿಕೊಂಡು ಪಶ್ಚಿಮಕ್ಕೆ ಮುಖಮಾಡಿ ಹೊರಟುಬಿಡುತ್ತೇವೆ. ಹೀಗಾಗಿ, ಯಾವ ನಾಡಿನ ಅನ್ನವನ್ನು ವರ್ಷಗಟ್ಟಲೆ ಉಣ್ಣುತ್ತಿದ್ದೇವೆಯೋ ಆ ನಾಡನ್ನು ನೆಮ್ಮದಿಯಾಗಿ ಕೂತು ನೋಡಿದವರು ನಮ್ಮಲ್ಲಿ ಅಷ್ಟಾಗಿ ಇಲ್ಲ. ವಿಶಾಖಪಟ್ಟಣದವರು ನೆಂಟರು ಬಂದಾಗ ಸಿಂಹಾಚಲಕ್ಕೂ ಅರಕು ಕಣಿವೆಗೂ ಹೋಗುತ್ತಾರೆ. ವಿಜಯವಾಡದವರು ಕನಕದುರ್ಗೆಯ ದರ್ಶನ ಮಾಡಿಸಿ, ಉಂಡವಲ್ಲಿ ಗುಹೆಗಳನ್ನು ತೋರಿಸಿ ಕಳಿಸುತ್ತಾರೆ. ಈ ಎರಡು ನಗರಗಳ ನಡುವೆ, ಗೋದಾವರಿಯ ಎಡದಂಡೆಯ ಮೇಲೆ, ಸಾವಿರ ವರ್ಷದ ಒಂದು ಊರಿದೆ. ಅದನ್ನು ನಾವು ಕಂಡಿದ್ದದ್ದು ರೈಲಿನ ಕಿಟಕಿಯಿಂದ ಮಾತ್ರ. ಕಳೆದ ಕಾರ್ತೀಕ ಮಾಸದಲ್ಲಿ ಒಂದು ಶನಿವಾರ, ಭಾನುವಾರ ಅಲ್ಲಿ ಇಳಿದು ನೋಡುವ ಸಂದರ್ಭ ಒದಗಿತು.

ಸಂದರ್ಭವೆಂದರೆ ನಮ್ಮ ಅವ್ವ. ಅವ್ವನ ಊರು ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ತೀರಿಕೊಂಡ ಮೇಲೆ, ಬಚ್ಚಲಲ್ಲಿ ಒಮ್ಮೆ ಜಾರಿ ಬಿದ್ದ ಮೇಲೆ, ಅವಳೊಬ್ಬಳನ್ನೇ ಆ ಮನೆಯಲ್ಲಿ ಬಿಡುವುದು ಸಾಧ್ಯವಿರಲಿಲ್ಲ. ನಾವು ಇರುವುದು ವಿಶಾಖಪಟ್ಟಣದ ಉಕ್ಕುನಗರದಲ್ಲಿ. ಅಕ್ಕ, ಭಾವ ಇರುವುದು ವಿಜಯವಾಡದಲ್ಲಿ. ಭಾವನಿಗೆ ಬ್ಯಾಂಕಿನ ಕೆಲಸ. ಅವ್ವ ಮೂರು ತಿಂಗಳು ಇಲ್ಲಿ, ಮೂರು ತಿಂಗಳು ಅಲ್ಲಿ ಎಂದು ಏರ್ಪಾಡಾಯಿತು. ಪ್ರತಿ ಸಲವೂ ಯಾರಾದರೊಬ್ಬರು ರಜ ಹಾಕಿ ಅವಳನ್ನು ಮುಟ್ಟಿಸಿ ಬರುತ್ತಿದ್ದರು. ಈ ಸಲ ಭಾವ ಒಂದು ಹೊಸ ಸೂಚನೆ ಮಾಡಿದರು. "ನೀವು ಅತ್ತ ಕಡೆಯಿಂದ ಬರ್ರಿ, ನಾವು ಇತ್ತ ಕಡೆಯಿಂದ ಬರ್ತೀವಿ. ನಡುವೆ ರಾಜಮಹೇಂದ್ರಿಯೊಳಗ ಎರಡು ದಿನ ಇದ್ದು, ಅಲ್ಲೇ ಅತ್ತಿಯವರನ್ನ ಒಪ್ಪಿಸಿಕೊಡ್ರಿ." ರೈಲಿನ ಹಾದಿಯಲ್ಲಿ ವಿಶಾಖಪಟ್ಟಣದಿಂದ ಅಲ್ಲಿಗೆ ಸುಮಾರು 200 ಕಿ.ಮೀ., ವಿಜಯವಾಡದಿಂದ ಸುಮಾರು 150 ಕಿ.ಮೀ. ಎಲ್ಲರಿಗೂ ಒಪ್ಪಿಗೆಯಾಯಿತು.

ಒಪ್ಪಿಗೆಯಾದರೂ ಮನಸ್ಸು ಹಗುರಾಗಿರಲಿಲ್ಲ. ಹೊರಡುವುದಕ್ಕೆ ವಾರವಿರುವಾಗ ಅವ್ವ ಒಂದು ಮಾತು ಹೇಳಿದ್ದಳು: "ಈ ಮೂರು ತಿಂಗಳು ಮಗಳ ಮನಿಯಾಗ ಇರ್ತಿನಿ. ಆಮ್ಯಾಲೆ ಊರಿಗಿ ಹೋಗ್ತಿನಿ. ತಿರುಗಿ ಬರಾದಿಲ್ಲ." ಯಾಕೆ ಎಂದು ಕೇಳಿದರೆ ಅವಳು ಜಗಳವಾಡಲಿಲ್ಲ, ಅಳಲೂ ಇಲ್ಲ. "ಇಲ್ಲಿ ಏನೂ ಕಡಿಮಿ ಇಲ್ಲ. ಆದರ ಮಾತಿಗಿ ಯಾರದಾರ?" ಎಂದಳು, ಅಷ್ಟೆ.

ಮಾತಿನ ಅರ್ಥ ನಮಗೆ ಗೊತ್ತಿತ್ತು. ಐದನೆಯ ತರಗತಿಯಲ್ಲಿ ಓದುತ್ತಿರುವ ನಮ್ಮ ಮಗಳು ಹುಟ್ಟಿ ಬೆಳೆದದ್ದು ಇಲ್ಲಿಯೇ. ಶಾಲೆ ಇಂಗ್ಲಿಷಿನದು, ಆಟ ತೆಲುಗಿನದು. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಕನ್ನಡದಲ್ಲಿ ಕೇಳಿದ್ದಕ್ಕೆ ತೆಲುಗಿನಲ್ಲಿ ಉತ್ತರ. ತಂದೆಯ ತಾಯಿಯನ್ನು ತೆಲುಗರು ಕರೆಯುವಂತೆ ಅವಳು ಅವ್ವನನ್ನು 'ನಾನಮ್ಮ' ಎನ್ನುತ್ತಾಳೆ. ಎಂಟನೆಯ ತರಗತಿಯ ಅಕ್ಕನ ಮಗನೋ, ತಾಯಿಯ ತಾಯಿಯಾದ್ದರಿಂದ, 'ಅಮ್ಮಮ್ಮ' ಎನ್ನುತ್ತಾನೆ. ನಮ್ಮ ಕಡೆ ಅಜ್ಜಿಯನ್ನು ಕರೆಯುವುದು 'ಆಯಿ' ಎಂದು. "ಒಬ್ಬ ಮುದುಕಿಗಿ ಎರಡು ಹೆಸರಾದವು, ಆಯಿ ಅನ್ನೋರು ಮಾತ್ರ ಇಲ್ಲ" ಎಂದು ಅವ್ವ ಒಮ್ಮೆ ನಗುತ್ತಲೇ ಅಂದದ್ದುಂಟು. ಆ ನಗು ನಮಗೆ ಮರೆತಿರಲಿಲ್ಲ.

ಶನಿವಾರ ಬೆಳಿಗ್ಗೆ ದುವ್ವಾಡದಲ್ಲಿ ಸಿಂಹಾದ್ರಿ ಎಕ್ಸ್‌ಪ್ರೆಸ್ ಹತ್ತಿದೆವು. ಅನಕಾಪಲ್ಲಿ ದಾಟಿದ ಮೇಲೆ ಎಡಕ್ಕೂ ಬಲಕ್ಕೂ ಕಬ್ಬಿನ ಗದ್ದೆಗಳು, ದೂರದಲ್ಲಿ ಪೂರ್ವಘಟ್ಟದ ಸಾಲು. ತುನಿಯ ಬಳಿ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ. ಎದುರಿಗೆ ಕುಳಿತಿದ್ದ ತೆಲುಗು ಗೃಹಿಣಿಯೊಬ್ಬರು ರೊಟ್ಟಿಯ ತೆಳುವನ್ನು ಕಂಡು ಬೆರಗಾದರು. ಅವ್ವ ಒಂದು ರೊಟ್ಟಿ ಮುರಿದು ಅವರ ಕೈಯಲ್ಲಿಟ್ಟಳು. ಅವರು ತಮ್ಮ ಡಬ್ಬಿಯಿಂದ ಗೋಂಗೂರ ಪಚ್ಚಡಿ ಬಡಿಸಿದರು. ಅವ್ವ ಅದನ್ನು ನಾಲಗೆಗೆ ಹಚ್ಚಿ, "ಇದು ನಮ್ಮ ಪುಂಡಿಪಲ್ಯನೇ ಅದ" ಎಂದಳು. ಅವರಿಗೆ ಕನ್ನಡ ಬಾರದು, ಅವ್ವನಿಗೆ ತೆಲುಗು ಬಾರದು. ಆದರೂ ಅಣ್ಣಾವರಂ ಬರುವ ಹೊತ್ತಿಗೆ ಇಬ್ಬರಿಗೂ ಪರಸ್ಪರರ ಮಕ್ಕಳೆಷ್ಟು, ಮೊಮ್ಮಕ್ಕಳೆಷ್ಟು ಎಂಬುದೆಲ್ಲ ತಿಳಿದಿತ್ತು! ಸಾಮರ್ಲಕೋಟೆಯಿಂದ ಮುಂದೆ ನೆಲದ ಬಣ್ಣವೇ ಬೇರೆ. ಕಾಲುವೆ, ತೆಂಗು, ಭತ್ತದ ಹಸುರು. ಕಡಿಯಂ ಬಳಿ ಸಸಿಗಳನ್ನು ಬೆಳೆಸಿ ಮಾರುವ ತೋಟಗಳು. ನಮ್ಮ ಮನೆಗಳ ಕುಂಡಗಳಿಗೆ ಬರುವ ಗುಲಾಬಿ, ದಾಸವಾಳದ ಸಸಿಗಳಲ್ಲಿ ಎಷ್ಟೋ ಇಲ್ಲಿಂದಲೇ ಬಂದವು.

ರಾಜಮಹೇಂದ್ರಿಯ ನಿಲ್ದಾಣದಲ್ಲಿ ಅಕ್ಕ, ಭಾವ, ಅವರ ಮಗ ನಮಗಿಂತ ಮುಂಚೆಯೇ ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ಬಂದು ಕಾದಿದ್ದರು. ಅವರದು ಗೋದಾವರಿಯನ್ನು ದಾಟಿ ಬಂದ ಪ್ರಯಾಣ. ಉತ್ತರದಿಂದ ಬಂದ ನಮಗೆ ಸೇತುವೆ ಸಿಗಲಿಲ್ಲ. ಹುಡುಗ ಅದನ್ನೇ ಹೇಳಿ ಹೇಳಿ ನಮ್ಮ ಮಗಳ ಹೊಟ್ಟೆ ಉರಿಸಿದ. ನಿಲ್ದಾಣದ ಹತ್ತಿರವೇ ಒಂದು ಸಾಧಾರಣ ವಸತಿಗೃಹದಲ್ಲಿ ಎರಡು ಕೋಣೆ ಹಿಡಿದು, ಊಟ ಮುಗಿಸಿ, ಊರು ನೋಡಲು ಹೊರಟೆವು.

ಇಂಗ್ಲಿಷರ ಕಾಲದಿಂದ 'ರಾಜಮಂಡ್ರಿ' ಎಂದು ಕರೆಸಿಕೊಂಡ ಈ ಊರಿಗೆ 2015ರಲ್ಲಿ ರಾಜಮಹೇಂದ್ರವರಂ ಎಂಬ ಹಳೆಯ ಹೆಸರೇ ಅಧಿಕೃತವಾಗಿ ಮರಳಿತು. ರಾಜಮಹೇಂದ್ರ ಎಂಬುದು ವೆಂಗಿಯ ಚಾಲುಕ್ಯ ಅರಸರ ಬಿರುದು. ಊರನ್ನು ಕಟ್ಟಿಸಿದವನು 10ನೆಯ ಶತಮಾನದ ಒಂದನೆಯ ಅಮ್ಮರಾಜನೆಂದು ಕೆಲವರು ಹೇಳುತ್ತಾರೆ, 11ನೆಯ ಶತಮಾನದ ರಾಜರಾಜ ನರೇಂದ್ರನೆಂದು ಕೆಲವರು. ರಾಜರಾಜನ ಕಾಲದಲ್ಲಿ ಇದು ರಾಜಧಾನಿಯಾಗಿತ್ತು ಎಂಬುದರಲ್ಲಿ ವಿವಾದವಿಲ್ಲ.

ಭಾವನಿಗೆ ಇತಿಹಾಸದ ಹುಚ್ಚು. ರಾಳ್ಳಬಂಡಿ ಸುಬ್ಬರಾವು ಅವರ ಹೆಸರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಶಿಲ್ಪ, ನಾಣ್ಯ, ಶಾಸನಗಳ ನಡುವೆ ನಿಂತು ಅವರು ಮಕ್ಕಳಿಗೆ ಕಥೆ ಹೇಳತೊಡಗಿದರು. "ಈ ಚಾಲುಕ್ಯರು ಯಾರು ಗೊತ್ತೇನು? ನಮ್ಮ ಬಾದಾಮಿಯವರು! ಇಮ್ಮಡಿ ಪುಲಕೇಶಿ 7ನೆಯ ಶತಮಾನದಲ್ಲಿ ವೆಂಗಿಯನ್ನು ಗೆದ್ದು, ತನ್ನ ತಮ್ಮ ಕುಬ್ಜ ವಿಷ್ಣುವರ್ಧನನನ್ನು ಇಲ್ಲಿ ಕೂಡಿಸಿದ. ತಮ್ಮ ಇಲ್ಲಿಯವನೇ ಆದ. ಅವನ ಮಕ್ಕಳು ಮೊಮ್ಮಕ್ಕಳು ನಾಲ್ಕು ನೂರು ವರ್ಷಕ್ಕೂ ಮೇಲೆ ಆಳಿದರು. ತೆಲುಗರೇ ಆದರು."

"ಅಂದರೆ ಅವರೂ ಟ್ರಾನ್ಸ್‌ಫರ್ ಆಗಿ ಬಂದವರೇ?" ಎಂದ ಹುಡುಗ. ಎಲ್ಲರೂ ನಕ್ಕೆವು. ಆದರೆ ಪ್ರಶ್ನೆ ಸಾಮಾನ್ಯವಾದದ್ದಲ್ಲ. ಅಣ್ಣ ಬಾದಾಮಿಯಲ್ಲಿ, ತಮ್ಮ ವೆಂಗಿಯಲ್ಲಿ. ಅಣ್ಣನ ಮನೆಯ ಭಾಷೆ ಬೆಳೆದು ಒಂದಾಯಿತು, ತಮ್ಮನ ಮನೆಯದು ಇನ್ನೊಂದಾಯಿತು.

ಒಂದು ಶಾಸನದ ಕಲ್ಲಿನ ಎದುರು ಮಕ್ಕಳಿಬ್ಬರೂ ಬಗ್ಗಿ ನೋಡಿದರು. ತೆಲುಗು ಬಲ್ಲ ಅವರಿಗೂ ಓದಲು ಬರಲಿಲ್ಲ, ಕನ್ನಡ ಬಲ್ಲ ನಮಗೂ ಬರಲಿಲ್ಲ. ಭಾವ ಹೇಳಿದರು: ಚಾಲುಕ್ಯರ ಕಾಲದಲ್ಲಿ ಬಾದಾಮಿಯಲ್ಲೂ ವೆಂಗಿಯಲ್ಲೂ ಬರೆಯುತ್ತಿದ್ದ ಲಿಪಿ ಒಂದೇ, ವಿದ್ವಾಂಸರು ಅದನ್ನು ತೆಲುಗು-ಕನ್ನಡ ಲಿಪಿ ಎನ್ನುತ್ತಾರೆ. ಅದು ಎರಡಾಗಿ ಕವಲೊಡೆದದ್ದು ಎಷ್ಟೋ ಕಾಲದ ಮೇಲೆ, ನಿಧಾನವಾಗಿ. ಇಂದಿಗೂ ನಮ್ಮ ಅಕ್ಷರಕ್ಕೆ ತಲೆಯ ಮೇಲೆ ಅಡ್ಡಗೆರೆ, ಅವರದಕ್ಕೆ ಓರೆಯ ಕೊಂಡಿ. ಅನೇಕ ಅಕ್ಷರಗಳಲ್ಲಿ ವ್ಯತ್ಯಾಸ ಅಷ್ಟೇ.

ಈ ಮಾತನ್ನು ಅವ್ವ ಕಿವಿಗೊಟ್ಟು ಕೇಳಿದ್ದಳೆಂದು ನಮಗೆ ಗೊತ್ತಾದದ್ದು ಬೀದಿಗೆ ಬಂದ ಮೇಲೆ. ಒಂದು ಅಂಗಡಿಯ ಹಲಗೆಯ ಮುಂದೆ ಅವಳು ನಿಂತುಬಿಟ್ಟಳು. ಕನ್ನಡಕ ಸರಿಮಾಡಿಕೊಂಡು, ಬೆರಳಿನಿಂದ ಗಾಳಿಯಲ್ಲಿ ಗೀರುತ್ತಾ, "ರಾ... ಜ... ಮ... ಹೇಂ... ದ್ರ... ವ... ರಂ" ಎಂದು ಓದಿದಳು. ಮಗಳು ಬೆಪ್ಪಾಗಿ ನೋಡಿದಳು. ನಾನಮ್ಮನಿಗೆ ತೆಲುಗು ಓದಲು ಬರುತ್ತದೆಯೇ! ಪಕ್ಕದ ಹಲಗೆಯಲ್ಲಿ 'ಕ' ಬಂದಾಗ ಅವ್ವ ತಡೆದಳು, 'ತ' ಬಂದಾಗ ಮತ್ತೆ ತಡೆದಳು. ಈ ಎರಡರ ರೂಪ ನಮ್ಮಲ್ಲಿ ಬೇರೆ, ಅವರಲ್ಲಿ ಬೇರೆ. ಮಗಳು ಹೇಳಿಕೊಟ್ಟಳು. ಅಲ್ಲಿಂದ ಮುಂದೆ ಇಬ್ಬರೂ ಬೀದಿಯುದ್ದಕ್ಕೂ ಹಲಗೆಗಳನ್ನು ಓದುತ್ತಾ ನಡೆದರು. ನಾವು ಹಿಂದೆ ಉಳಿದೆವು.

ಕಂದುಕೂರಿ ವೀರೇಶಲಿಂಗಂ ಪಂತುಲು ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿದ್ದಾರೆ. 1848ರಲ್ಲಿ ಈ ಊರಲ್ಲೇ ಹುಟ್ಟಿದವರು, ತೆಲುಗು ಗದ್ಯಕ್ಕೆ ಹೊಸ ದಾರಿ ತೆರೆದವರು. 1881ರ ಡಿಸೆಂಬರ್ 11ರಂದು ಈ ಊರಿನಲ್ಲಿ ಒಬ್ಬ ಬಾಲವಿಧವೆಗೆ ಮರುಮದುವೆ ಮಾಡಿಸಿದರು. ಊರು ಬಹಿಷ್ಕಾರ ಹಾಕಿತು. ಅಡುಗೆಯವರೂ ನೀರಿನವರೂ ಬಾರದೆ ಹೋದಾಗ ಅವರ ಪತ್ನಿ ರಾಜ್ಯಲಕ್ಷ್ಮಮ್ಮನವರು ತಾವೇ ಗೋದಾವರಿಯಿಂದ ನೀರು ಹೊತ್ತು ತಂದು ಅಡುಗೆ ಮಾಡಿದರಂತೆ. ನಮ್ಮಲ್ಲಿ ವಿಧವಾವಿವಾಹವನ್ನು ಎತ್ತಿಹಿಡಿದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಕಾದಂಬರಿ ಬಂದದ್ದು 1899ರಲ್ಲಿ. ಇಲ್ಲಿ ಅಷ್ಟು ಹೊತ್ತಿಗೆ ಮದುವೆಗಳು ನಡೆದು 18 ವರ್ಷವಾಗಿತ್ತು. ಅಕ್ಕ ಈ ಸಂಗತಿಗಳನ್ನು ಅವ್ವನಿಗೆ ಹೇಳಿದಳು. ಅವ್ವ ಬಹಳ ಹೊತ್ತು ಸುಮ್ಮನಿದ್ದು, "ಆತ ಮಾಡ್ಯಾನ ಅಂತಾರ. ನೀರು ಹೊತ್ತಾಕಿ ಆಕಿ" ಎಂದಳು. ಯಾವ ಚರಿತ್ರೆಯ ಪುಸ್ತಕದಲ್ಲೂ ಅಷ್ಟು ಚಿಕ್ಕದಾಗಿ ಆ ಮಾತನ್ನು ಬರೆದಿರಲಾರರು.

ದಾಮೆರ್ಲ ರಾಮಾರಾವು ಅವರ ಚಿತ್ರಶಾಲೆಯನ್ನೂ ನೋಡಿದೆವು. 1897ರಲ್ಲಿ ಹುಟ್ಟಿ 1925ರಲ್ಲಿ, 28 ತುಂಬುವ ಮೊದಲೇ, ತೀರಿಕೊಂಡ ಕಲಾವಿದ. ಇಲ್ಲಿನ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಆಸ್ವಾಲ್ಡ್ ಕೂಲ್ಡ್ರೆ ಎಂಬ ಇಂಗ್ಲಿಷರು ಅವರ ಕೈಚಳಕವನ್ನು ಗುರುತಿಸಿ ಬೆಂಬಲಿಸಿದರು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಇಷ್ಟು ಕೆಲಸ ಮಾಡಿ ಹೋದರಲ್ಲಾ ಎಂದು ಮನಸ್ಸು ಭಾರವಾಯಿತು. ಹೊರಗೆ ಬಂದು ಮಕ್ಕಳಿಗೆ ಈ ಊರಿನ ಹೆಸರಾಂತ ರೋಸ್ ಮಿಲ್ಕ್ ಕುಡಿಸಿದೆವು. ಭಾರ ಇಳಿಯಿತು.

ಸಂಜೆ ಪುಷ್ಕರ ಘಟ್ಟಕ್ಕೆ ಹೋದೆವು. ಗೋದಾವರಿಗೆ 12 ವರ್ಷಕ್ಕೊಮ್ಮೆ ಪುಷ್ಕರ. ಹಿಂದಿನದು 2015ರಲ್ಲಿ ಆದದ್ದು, ಮುಂದಿನದು 2027ರಲ್ಲಿ ಬರುವಂಥದು. ಕಾರ್ತೀಕವಾದ್ದರಿಂದ ಮೆಟ್ಟಿಲುಗಳ ತುಂಬ ಹೆಂಗಸರು. ಬಾಳೆಯ ಪಟ್ಟೆಯ ದೊಪ್ಪೆಯಲ್ಲಿ ದೀಪವಿಟ್ಟು ನೀರಿಗೆ ಬಿಡುತ್ತಿದ್ದರು. ನದಿಯ ಅಗಲವನ್ನು ಹೇಳುವುದು ಕಷ್ಟ. ಆಚೆಯ ದಡ ಒಂದು ಕಪ್ಪು ಗೆರೆ. ಹೊಳೆಯ ಮೇಲೆ ಮೂರು ತಲೆಮಾರಿನ ಸೇತುವೆಗಳು. 1900ರಲ್ಲಿ ತೆರೆದ ಹ್ಯಾವ್‌ಲಾಕ್ ಸೇತುವೆಯ ಮೇಲೆ 1997ರಿಂದ ರೈಲು ಓಡುತ್ತಿಲ್ಲ. ಅದು ಆಗುವುದಕ್ಕೆ ಮುಂಚೆ ಮದ್ರಾಸಿನಿಂದ ಕಲ್ಕತ್ತೆಗೆ ಹೋಗುವವರು ಇಲ್ಲಿ ಇಳಿದು ದೋಣಿಯಲ್ಲಿ ನದಿ ದಾಟಬೇಕಾಗಿತ್ತು. 1974ರದು ಕೆಳಗೆ ರೈಲು, ಮೇಲೆ ರಸ್ತೆ ಇರುವ ಸೇತುವೆ. 1997ರದು ಬಿಲ್ಲಿನಂತೆ ಕಮಾನು ಬಾಗಿದ ಸೇತುವೆ.

ಅವ್ವ ಕಡೆಯ ಮೆಟ್ಟಿಲಿನ ಮೇಲೆ ಕಾಲನ್ನು ನೀರಿನಲ್ಲಿ ಇಳಿಬಿಟ್ಟು ಕೂತಳು. ಭಾವ ಬಳಿಯಲ್ಲಿ ಕೂತು, "ಅತ್ತೀರಿ, ನಿಮ್ಮ ಮಾಂಜ್ರಾದ ನೀರು ಇದರೊಳಗ ಅದ" ಎಂದರು. ಅವ್ವ ನಂಬಲಿಲ್ಲ. ಭಾವ ವಿವರಿಸಿದರು. ಮಾಂಜ್ರಾ ಮಹಾರಾಷ್ಟ್ರದ ಬಾಲಾಘಾಟ ಗುಡ್ಡಗಳಲ್ಲಿ ಹುಟ್ಟಿ, ಬೀದರ ಜಿಲ್ಲೆಯನ್ನು ಹಾಯ್ದು, ಸುಮಾರು 724 ಕಿ.ಮೀ. ಹರಿದು ತೆಲಂಗಾಣದ ಕಂದಕುರ್ತಿಯ ಬಳಿ ಗೋದಾವರಿಯನ್ನು ಸೇರುತ್ತದೆ. ಅಲ್ಲಿಂದ ಹರಿದು ಬರುವುದು ಇಲ್ಲಿಗೇ. ಹುಡುಗ ಸುಮ್ಮನಿರದೆ, ನಡುವೆ ಸಿಂಗೂರಿನಲ್ಲೂ ನಿಜಾಂಸಾಗರದಲ್ಲೂ ಅಣೆಕಟ್ಟು ಇದೆ, ಅಲ್ಲೇ ನಿಂತುಬಿಡುತ್ತದೆ ಎಂದು ತೆಲುಗಿನಲ್ಲಿ ವಾದಿಸಿದ. ಅವನ ಮಾತು ಅರ್ಥವಾದವಳಂತೆ ಅವ್ವ, "ಎಲ್ಲಾ ಹ್ಯಾಂಗ ನಿಂತದ? ಮಳಿಗಾಲದಾಗ ಒಂದು ಹನಿ ಆದರೂ ದಾಟಿ ಬಂದಿರ್ತದ" ಎಂದು ಬೊಗಸೆಯಲ್ಲಿ ನೀರು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು.

ಆಮೇಲೆ ಅವಳಾಗಿಯೇ ಮಾತು ತೆಗೆದಳು. ತನ್ನ ಅಪ್ಪ ಕನ್ನಡ ಕಲಿತ ಬಗೆ. ಆಗ ಬೀದರ ನಿಜಾಮರ ಸಂಸ್ಥಾನದಲ್ಲಿತ್ತು. ಶಾಲೆ, ಕಚೇರಿ ಎಲ್ಲವೂ ಉರ್ದು. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಹಲಗೆ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಇದು ನಮ್ಮ ಕಡೆ ಮನೆಮನೆಯಲ್ಲೂ ಹೇಳುವ ಕಥೆ. "ನಮ್ಮಪ್ಪ ಆ ಹಲಗಿ ಹಿಂದ ಕೂತು ಕಲ್ತಾನ. ನನಗ ಅಂವ ಕಲಿಸ್ಯಾನ. ನಾ ನಿಮ್ಮಪ್ಪಗ ಕಲಿಸೀನಿ" ಎಂದು ಅವ್ವ ಮಗಳ ಕಡೆ ತಿರುಗಿದಳು. ಅಲ್ಲಿಗೆ ನಿಲ್ಲಿಸಿದಳು. ಮುಂದಿನ ವಾಕ್ಯವನ್ನು ಅವಳು ಹೇಳಲಿಲ್ಲ, ನಾವೂ ಹೇಳಲಿಲ್ಲ. ನೀರಿನ ಮೇಲೆ ದೀಪಗಳು ಸಾಲಾಗಿ ಹೋಗುತ್ತಿದ್ದವು.

ಸ್ವಲ್ಪ ಹೊತ್ತಿನ ಮೇಲೆ ಮಗಳು, ಒಂದೊಂದೇ ಮಾತನ್ನು ಹುಡುಕಿ ಜೋಡಿಸುತ್ತಾ, "ಆ ಹಲಗೆ... ಯಾರು... ತೆಗೆದರು?" ಎಂದು ಕೇಳಿದಳು. ಕನ್ನಡದಲ್ಲಿ!

ಅವ್ವ ಉತ್ತರ ಹೇಳಿದಳು. 1948ರಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡದ್ದು, 1956ರ ನವೆಂಬರ್ 1ರಂದು ಬೀದರ ಕನ್ನಡ ನಾಡಿಗೆ ಸೇರಿದ್ದು, ಆಗ ತಾನು ಹುಡುಗಿಯಾಗಿದ್ದದ್ದು. ಅದೇ ದಿನವೇ ಆಂಧ್ರಪ್ರದೇಶವೂ ಆದದ್ದು ಎಂದು ಭಾವ ಸೇರಿಸಿದರು. ನಮ್ಮ ರಾಜ್ಯೋತ್ಸವ, ಇವರ ಅವತರಣ ದಿನ, ಎರಡೂ ಒಂದೇ ತಾರೀಖು ಎಂಬುದು ಮಕ್ಕಳಿಗೆ ಹೊಸ ವಿಷಯ.

ರಾತ್ರಿ ವಸತಿಗೃಹದ ಕೋಣೆಯಲ್ಲಿ, ಎಲ್ಲರೂ ಚಾಪೆಯ ಮೇಲೆ ಕೂತಿದ್ದಾಗ, ಭಾವ ತಾವು ಕಾದಿರಿಸಿದ್ದ ಕಥೆಯನ್ನು ಹೇಳಿದರು. ಈ ಲೇಖನ ಬರೆಯಲು ಮುಖ್ಯ ಕಾರಣ ಆ ಕಥೆಯೇ.

ತೆಲುಗಿನ ಆದಿಕವಿ ನನ್ನಯ ಮಹಾಭಾರತವನ್ನು ತೆಲುಗಿಗೆ ತರಲು ಹೊರಟದ್ದು ಇದೇ ರಾಜಮಹೇಂದ್ರಿಯಲ್ಲಿ, ರಾಜರಾಜ ನರೇಂದ್ರನ ಅಪೇಕ್ಷೆಯ ಮೇರೆಗೆ. ಆದಿ, ಸಭಾ ಪರ್ವಗಳನ್ನೂ ಅರಣ್ಯಪರ್ವದ ಒಂದು ಭಾಗವನ್ನೂ ಅವನು ಬರೆದ. ಉಳಿದದ್ದನ್ನು ಮುಂದೆ ತಿಕ್ಕನ, ಎರ್ರನರು ಪೂರೈಸಿದರು. ಈ ಕೆಲಸದಲ್ಲಿ ತನಗೆ ನೆರವಾದವನು ನಾರಾಯಣ ಭಟ್ಟನೆಂದು ನನ್ನಯ ತನ್ನ ಕಾವ್ಯದಲ್ಲೇ ನೆನೆದಿದ್ದಾನೆ. ಭಾರತಯುದ್ಧದಲ್ಲಿ ಅರ್ಜುನನಿಗೆ ನಾರಾಯಣನು ನೆರವಾದಂತೆ ಈ ನಾರಾಯಣ ತನಗೆ ನೆರವಾದನೆಂದು ಹೋಲಿಸುತ್ತಾನೆ. ಆ ನಾರಾಯಣ ಭಟ್ಟನಿಗೆ ಅರಸು 1053ರಲ್ಲಿ ನಂದಂಪೂಡಿ ಎಂಬ ಗ್ರಾಮವನ್ನು ದಾನ ಕೊಟ್ಟ. ಆ ದಾನದ ತಾಮ್ರಶಾಸನ ಸಿಕ್ಕಿದೆ, ಅದನ್ನು ರಚಿಸಿದವನೂ ನನ್ನಯನೇ. ಅದರಲ್ಲಿ ನಾರಾಯಣ ಭಟ್ಟ ಎಷ್ಟು ಭಾಷೆಗಳ ಕವಿಯೆಂದು ಹೇಳಿದೆ: ಸಂಸ್ಕೃತ, ಪ್ರಾಕೃತ, ಪೈಶಾಚಿ, ಆಂಧ್ರ, ಮತ್ತು ಕರ್ಣಾಟ. ಎಂದರೆ ತೆಲುಗಿನ ಮೊದಲ ಮಹಾಕಾವ್ಯ ಹುಟ್ಟುವಾಗ ಅದರ ತೊಟ್ಟಿಲನ್ನು ಹಿಡಿದ ಕೈಗಳಲ್ಲಿ ಒಂದು ಕನ್ನಡ ಬಲ್ಲ ಕೈ.

"ಸಾಲ ಒಂದು ಕಡೆಯದೇ ಅಂತ ತಿಳಿಯಬೇಡ್ರಿ" ಎಂದು ಭಾವ ಮುಂದುವರಿಸಿದರು. ನನ್ನಯನಿಗಿಂತ ನೂರು ವರ್ಷ ಮುಂಚೆ, 941ರಲ್ಲಿ, ನಮ್ಮ ಆದಿಕವಿ ಪಂಪ ಆದಿಪುರಾಣವನ್ನು ಮುಗಿಸಿದ. ಭಾರತದ ಕಥೆಯನ್ನು 'ವಿಕ್ರಮಾರ್ಜುನ ವಿಜಯ'ವಾಗಿ ಕನ್ನಡಕ್ಕೆ ಕೊಟ್ಟವನೂ ಅವನೇ. ಅವನ ಹಿರಿಯರ ಊರು ಯಾವುದು? ವೆಂಗಿನಾಡಿನ ವೆಂಗಿಪಳು. ಅವನ ತಮ್ಮ ಜಿನವಲ್ಲಭ ಇಂದಿನ ತೆಲಂಗಾಣದ ಕುರ್ಕ್ಯಾಲದ ಬಳಿ ಬಂಡೆಯ ಮೇಲೆ ಬರೆಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಕನ್ನಡಕ್ಕೆ ಭಾರತ ಕೊಟ್ಟವನ ಮನೆತನ ವೆಂಗಿಯದು, ತೆಲುಗಿಗೆ ಭಾರತ ಕೊಟ್ಟವನ ಗೆಳೆಯ ಕನ್ನಡದ ಕವಿ. ಒಂದು ಮನೆಯ ತಟ್ಟೆ ಇನ್ನೊಂದು ಮನೆಗೆ ಬರಿದಾಗಿ ಹೋದದ್ದಿಲ್ಲ.

ಹುಡುಗ ಕೇಳಿದ, ನಾರಾಯಣ ಭಟ್ಟ ಕನ್ನಡದವನೋ ತೆಲುಗಿನವನೋ ಎಂದು. ಭಾವ ನಕ್ಕು, "ಶಾಸನ ಬರೆದವನು ಅದನ್ನು ಕೇಳಲೇ ಇಲ್ಲ. ಎಷ್ಟು ಭಾಷೆ ಬರ್ತಾವ ಅಂತ ಎಣಿಸಿ ಊರು ಕೊಟ್ಟರು, ಅಷ್ಟೆ" ಎಂದರು.

ನಮಗೆ ಈ ಮಾತು ಹಿಡಿಯಿತು. ಪರನಾಡಿನಲ್ಲಿರುವ ನಮ್ಮ ಸಂಘದ ಸಭೆಗಳಲ್ಲಿ ಮಕ್ಕಳ ಕನ್ನಡದ ಮಾತು ಬಂದಾಗಲೆಲ್ಲ ಎರಡು ಪಕ್ಷಗಳಾಗುವುದನ್ನು ವಾಚಕರೂ ಕಂಡಿರಬಹುದು. ಇಲ್ಲಿಯ ಅನ್ನ ಉಣ್ಣುವವರಿಗೆ ಇಲ್ಲಿಯ ಭಾಷೆ ಸಾಕೆಂದು ಒಂದು ಪಕ್ಷ. ಮನೆಯೊಳಗೆ ತೆಲುಗು ಕೇಳಿಸಲೇಬಾರದೆಂದು ಇನ್ನೊಂದು ಪಕ್ಷ. ಸಾವಿರ ವರ್ಷದ ಹಿಂದೆ ಇದೇ ಹೊಳೆಯ ದಡದಲ್ಲಿ ಬಾಳಿದವನೊಬ್ಬನಿಗೆ ಈ ಜಗಳವೇ ಇರಲಿಲ್ಲ. ಅವನು ತೆಲುಗಿಗೆ ದುಡಿದ, ಕನ್ನಡವನ್ನು ಬಿಡಲಿಲ್ಲ, ಎರಡಕ್ಕೂ ಸೇರಿಸಿಯೇ ಅವನಿಗೆ ಮನ್ನಣೆ ದೊರೆಯಿತು. ಮಕ್ಕಳು ಬೀದಿಯಲ್ಲಿ ತೆಲುಗನ್ನು ಚೆನ್ನಾಗಿ ಆಡಲಿ. ಆದರೆ ಅಜ್ಜಿಯ ಬಳಿ ಕೂತಾಗ ಆಡಲು ಅವರಿಗೆ ಕನ್ನಡವೂ ಇರಲಿ. ಭಾಷೆಯ ಅಭಿಮಾನದ ಮಾತು ಆಮೇಲೆ. ಮೊದಲು ಇದು ಮನೆಯಲ್ಲಿ ಒಬ್ಬ ಮನುಷ್ಯಳು ಒಂಟಿಯಾಗುತ್ತಾಳೋ ಇಲ್ಲವೋ ಎಂಬ ಪ್ರಶ್ನೆ.

ಭಾನುವಾರ ಬೆಳಿಗ್ಗೆ ಧವಳೇಶ್ವರಕ್ಕೆ ಹೋದೆವು. ಊರಿನಿಂದ ಕೆಳಕ್ಕೆ ಕೆಲವೇ ಕಿಲೋಮೀಟರು. ಗೋದಾವರಿ ಗೌತಮಿ, ವಸಿಷ್ಠ ಎಂದು ಕವಲೊಡೆಯುವುದು ಇಲ್ಲಿ. ಸರ್ ಆರ್ಥರ್ ಕಾಟನ್ 1847ರಿಂದ 1852ರವರೆಗೆ ಇಲ್ಲಿ ಅಣೆಕಟ್ಟು ಕಟ್ಟಿಸಿದ. ಅದಕ್ಕೆ ಮುಂಚೆ ಈ ಜಿಲ್ಲೆ ಒಂದು ವರ್ಷ ನೆರೆಗೂ ಒಂದು ವರ್ಷ ಬರಕ್ಕೂ ತುತ್ತಾಗುತ್ತಿತ್ತು. ಅಣೆಕಟ್ಟಿನ ನಂತರ ಕಾಲುವೆಗಳು ಹರಿದು ಗದ್ದೆಗಳು ತುಂಬಿದವು. ಈಗಿರುವುದು 1980ರ ದಶಕದ ಆರಂಭಕ್ಕೆ ಪೂರೈಸಿದ ಹೊಸ ಬ್ಯಾರೇಜು, ಹೆಸರು ಮಾತ್ರ ಕಾಟನ್ನನದೇ. ಅದರ ಆಶ್ರಯದಲ್ಲಿ ಸುಮಾರು 10 ಲಕ್ಷ ಎಕರೆ ನೆಲ ನೀರು ಕಾಣುತ್ತದೆ. ಕುದುರೆ ಏರಿದ 'ಕಾಟನ್ ದೊರೆ'ಯ ಪ್ರತಿಮೆ ಈ ಸೀಮೆಯ ಅನೇಕ ಊರುಗಳಲ್ಲಿದೆ. ಆಳಿದವರ ಪೈಕಿ ಜನ ತಾವಾಗಿ ನೆನೆಯುವವರು ವಿರಳ, ಇವನು ಅಂಥ ಒಬ್ಬ. ನಮ್ಮ ತುಂಗಭದ್ರೆಗೆ ಅಣೆಕಟ್ಟು ಕಟ್ಟಬಹುದೆಂಬ ಆಲೋಚನೆಯನ್ನು 1860ರಲ್ಲಿ ಮುಂದಿಟ್ಟವನೂ ಇವನೇ. ಅದು ಕೈಗೂಡಿದ್ದು 1953ರಲ್ಲಿ. ಇಲ್ಲಿಯ ಕಾಟನ್ ವಸ್ತುಸಂಗ್ರಹಾಲಯದಲ್ಲಿ ಅಣೆಕಟ್ಟಿನ ಮಾದರಿಗಳನ್ನು ಇಟ್ಟಿದ್ದಾರೆ. ಹುಡುಗ ಅದರ ಮುಂದಿನಿಂದ ಏಳಲೇ ಒಲ್ಲ.

ಬ್ಯಾರೇಜಿನ ಮೇಲೆ ನಿಂತಿದ್ದಾಗ ಭಾವ ಅವ್ವನಿಗೆ ಇನ್ನೊಂದು ಸಂಗತಿ ಹೇಳಿದರು. ಇಲ್ಲಿಂದ ಮೇಲ್ಗಡೆ ಪಟ್ಟಿಸೀಮ ಎಂಬಲ್ಲಿ ಗೋದಾವರಿಯ ನೀರನ್ನು ಯಂತ್ರಗಳಿಂದ ಮೇಲೆತ್ತಿ ಕಾಲುವೆಗೆ ಬಿಡುವ ಯೋಜನೆ 2016ರಲ್ಲಿ ಪೂರ್ತಿಯಾಯಿತು. ಮಳೆಗಾಲದಲ್ಲಿ ಆ ನೀರು ಹರಿದು ಹೋಗಿ ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಹಿಂದೆ ಕೃಷ್ಣೆಯನ್ನು ಕೂಡುತ್ತದೆ. ಕೃಷ್ಣೆಯಂತೂ ಆಲಮಟ್ಟಿಯಿಂದ, ನಮ್ಮ ನಾಡಿನಿಂದಲೇ ಇಳಿದು ಬಂದವಳು. ಅವ್ವ ಲೆಕ್ಕ ಹಾಕಿದಳು. "ಅಂದರ ಮಾಂಜ್ರಾದ ನೀರು ನನ್ನಕಿಂತ ಮೊದಲೇ ಮಗಳ ಮನಿ ಮುಟ್ಟ್ಯದ!"

ಮಧ್ಯಾಹ್ನ ಆತ್ರೇಯಪುರದ ಪೂತರೇಕುಲು ಕೊಂಡೆವು. ಕಾದ ಮಡಕೆಯ ಬೆನ್ನಿನ ಮೇಲೆ ಅಕ್ಕಿಯ ಹಾಲನ್ನು ತೆಳುವಾಗಿ ಸವರಿ ಎತ್ತಿದ ಹಾಳೆ, ಒಳಗೆ ತುಪ್ಪ, ಬೆಲ್ಲ. 'ಪೂತ' ಎಂದರೆ ಲೇಪ, 'ರೇಕು' ಎಂದರೆ ನಮ್ಮ ರೇಕೇ. ಹೆಸರು ಕೇಳಿದರೆ ಮಾಡುವ ಬಗೆ ಗೊತ್ತಾಗುತ್ತದೆ ಎಂದು ಅವ್ವ ಮೆಚ್ಚಿಕೊಂಡಳು. ಹಲ್ಲಿಲ್ಲದವರಿಗೂ ಹೇಳಿ ಮಾಡಿಸಿದ ತಿಂಡಿ.

ನಿಲ್ದಾಣದಲ್ಲಿ ವಿಜಯವಾಡದ ಗಾಡಿ ಮೊದಲು ಬಂತು. ಅವ್ವನ ಚೀಲ, ಔಷಧದ ಡಬ್ಬಿ, ಕೋಲು ಎಲ್ಲವನ್ನೂ ಅಕ್ಕನಿಗೆ ಎಣಿಸಿ ಕೊಟ್ಟೆವು. ಮೂರು ತಿಂಗಳ ನಂತರದ ಮಾತನ್ನು ಎತ್ತುವ ಧೈರ್ಯ ನಮಗಿರಲಿಲ್ಲ. ಕಿಟಕಿಯ ಪಕ್ಕದಲ್ಲಿ ಕೂತ ಮೇಲೆ ಅವ್ವ ಮಗಳಿಗೆ ಒಂದು ರೂಪಾಯಿಯ ನಾಣ್ಯ ತೋರಿಸಿ, ಸೇತುವೆ ಬಂದಾಗ ನಿನ್ನ ಹೆಸರಿನಲ್ಲಿ ಹೊಳೆಗೆ ಹಾಕುತ್ತೇನೆಂದಳು. ಮಗಳು, "ಎರಡು ಹಾಕು, ಆಯಿ" ಎಂದಳು. ಅವ್ವ ಏನೂ ಹೇಳದೆ ಸೆರಗಿನ ಗಂಟು ಬಿಚ್ಚಿ ಇನ್ನೊಂದು ನಾಣ್ಯ ತೆಗೆದಳು. ಗಾಡಿ ಕದಲಿದಾಗ ನಮ್ಮ ಕಡೆ ತಿರುಗಿ, "ಶಿವರಾತ್ರಿಗಿ ಇಲ್ಲೇ ಕೂಡೋಣು. ಆಕಿಗಿ ಸೇತುವಿ ತೋರಸ್ರಿ" ಎಂದಳು. ಊರಿಗೆ ಹೋಗುತ್ತೇನೆಂದೂ ಅನ್ನಲಿಲ್ಲ, ಹೋಗುವುದಿಲ್ಲವೆಂದೂ ಅನ್ನಲಿಲ್ಲ. ಮುಂದಿನ ಭೇಟಿಯ ಜಾಗ ಮಾತ್ರ ಗೊತ್ತಾಯಿತು. ನಮಗೆ ಸದ್ಯಕ್ಕೆ ಅಷ್ಟು ಸಾಕು.

ವಿಶಾಖಪಟ್ಟಣ, ವಿಜಯವಾಡಗಳ ಬಂಧುಗಳಿಗೆ ನಮ್ಮ ವಿನಂತಿಯಿಷ್ಟೆ. ಒಂದು ಶನಿವಾರ, ಭಾನುವಾರ ಬಿಡುವು ಮಾಡಿಕೊಂಡು ರಾಜಮಹೇಂದ್ರಿಗೆ ಹೋಗಿಬನ್ನಿ. ಹೋಗಿಬರಲು ಹಗಲಿನ ಗಾಡಿಗಳೇ ಸಾಕು, ಖರ್ಚೂ ಹೆಚ್ಚಿಲ್ಲ. ಕಾರ್ತೀಕದಿಂದ ಶಿವರಾತ್ರಿಯವರೆಗೆ ಹವೆ ಹಿತವಾಗಿರುತ್ತದೆ. ಸರಕಾರಿ ವಸ್ತುಸಂಗ್ರಹಾಲಯಗಳ ರಜದ ದಿನವನ್ನು ಮುಂಚೆ ವಿಚಾರಿಸಿಕೊಳ್ಳುವುದು ಒಳ್ಳೆಯದು. ಪುಸ್ತಕಪ್ರಿಯರು 1898ರಿಂದ ನಡೆದುಬಂದಿರುವ ಗೌತಮಿ ಗ್ರಂಥಾಲಯವನ್ನು ತಪ್ಪದೆ ನೋಡಬೇಕು. ನಮಗೆ ಹೊತ್ತು ಸಾಲದೆ ಅದನ್ನು ಶಿವರಾತ್ರಿಗೆ ಇಟ್ಟುಕೊಂಡಿದ್ದೇವೆ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕರೆದೊಯ್ಯಿರಿ, ಅಂಗಡಿಗಳ ಹಲಗೆಗಳನ್ನು ಮೊಮ್ಮಕ್ಕಳ ಜೊತೆಯಲ್ಲಿ ಅವರೂ ಓದಲಿ. 'ಕ' ಮತ್ತು 'ತ' ಅಕ್ಷರಗಳನ್ನು ಮಾತ್ರ ಮಕ್ಕಳು ಹೇಳಿಕೊಡಬೇಕಾದೀತು.